ತೋಟದ ಚಿಂತೆ, ಮನೆಯ ಸಿಟ್ಟು

(ಸದಸ್ಯ ಬೆಳೆಗಾರರೊಬ್ಬರ ಅಭಿಪ್ರಾಯ)



ನಮ್ಮ ಈ ಪತ್ರಿಕೆಯಲ್ಲಿ ಕೊಳೆರೋಗ, ಎಲೆಚುಕ್ಕಿ ರೋಗ, ಕಾಂಡಕೊರಕ, ಧಾರಣೆಯ ಏರಿಳಿತ ಇವುಗಳ ಬಗ್ಗೆ ಬರಹಗಳು ಬರುತ್ತಲೇ ಇವೆ. ಅವು ಬೇಕಾದವುಗಳೇ. ಆದರೆ ಈ ರೋಗ ಮತ್ತು ಧಾರಣೆಗಳು ತೋಟದ ಬೇಲಿ ದಾಟಿ ಮನೆಯೊಳಗೆ ಬಂದಾಗ ಏನಾಗುತ್ತದೆ ಎಂಬುದನ್ನು ಯಾರೂ ಬರೆದಂತಿಲ್ಲ. ಸಂಕೋಚದ ವಿಷಯವಾದುದರಿಂದ ಬಿಟ್ಟಿರಬಹುದು. ನಾನು ಆ ಸಂಕೋಚವನ್ನು ಬದಿಗಿಟ್ಟು ನನ್ನ ಮನೆಯ ಸಂಗತಿಯಿಂದಲೇ ತೊಡಗುತ್ತೇನೆ.

ನಾನು ಕೊಪ್ಪ ತಾಲ್ಲೂಕಿನ ಸಣ್ಣ ಬೆಳೆಗಾರ. 2 ಎಕರೆ ಅಡಿಕೆ, ಒಂದೂವರೆ ಎಕರೆ ರೊಬಸ್ಟಾ ಕಾಫಿ. ಮಗ ಬೆಂಗಳೂರಿನ ಬಸವೇಶ್ವರನಗರದಲ್ಲಿ, ಹಾವನೂರು ವೃತ್ತದ ಹತ್ತಿರ, ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದ್ದಾನೆ. ನಮ್ಮೂರಿನ ಎಷ್ಟೋ ಮನೆಗಳ ಮಕ್ಕಳು ಹೀಗೆಯೇ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಎಂದು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನೆಲೆಸಿದ್ದಾರೆ. ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಜಾವಕ್ಕೆ ಗೊರಗುಂಟೆಪಾಳ್ಯ. 2014ರಲ್ಲಿ ರಾಜಾಜಿನಗರಕ್ಕೆ, 2015ರಲ್ಲಿ ವಿಜಯನಗರಕ್ಕೆ, 2021ರಲ್ಲಿ ಕೆಂಗೇರಿಗೆ ಮೆಟ್ರೋ ರೈಲು ಬಂದ ಮೇಲಂತೂ ನಮ್ಮಂಥವರಿಗೂ ಅಲ್ಲಿ ಓಡಾಟ ಸಲೀಸಾಗಿದೆ. ಆದುದರಿಂದ ವಯಸ್ಸಾದ ತಂದೆತಾಯಿ ಮಕ್ಕಳ ಮನೆಗೆ ಹೋಗಿ ತಿಂಗಳುಗಟ್ಟಲೆ ಇರುವುದು ಈಗ ಸಾಮಾನ್ಯ. ಇಷ್ಟು ದಿನ ದೂರದಿಂದ ಪ್ರೀತಿಯಾಗಿದ್ದವರು ಒಂದೇ ಸೂರಿನ ಕೆಳಗೆ ಬಂದಾಗ ಜಗಳ ಹುಟ್ಟುವುದೂ ಅಷ್ಟೇ ಸಾಮಾನ್ಯ.

ಕಳೆದ ಮಳೆಗಾಲದಲ್ಲಿ ನನ್ನ ಮನೆಯಾಕೆಯ ಕಣ್ಣಿನ ಪೊರೆ ತೆಗೆಸಲೆಂದು ಹೋದವರು, ಎರಡೂ ಕಣ್ಣು ಮುಗಿಯುವವರೆಗೆ ಒಂದೂವರೆ ತಿಂಗಳು ಅಲ್ಲೇ ಉಳಿಯಬೇಕಾಯಿತು. ಕೊಳೆಗೆ ಮೊದಲ ಔಷಧಿ ಹೊಡೆಸಿ ಹೊರಟಿದ್ದೆ. ಎರಡನೆಯದಕ್ಕೆ 40-45 ದಿನದ ಅಂತರ ಬೇಕಷ್ಟೆ. ಆ ಹೊತ್ತಿಗೆ ನಾನು ಬೆಂಗಳೂರಿನಲ್ಲಿ, ತೋಟ ಮಳೆಯಲ್ಲಿ. ಬೆಳಗ್ಗೆ ಐದೂವರೆಗೇ ಎದ್ದು ಊರಿಗೆ ಫೋನು ಮಾಡುವುದು, ಇವತ್ತೂ ಮಳೆ ಹೊಳವಾಗಲಿಲ್ಲ, ಹೊಡೆಯುವವರು ಬರಲಿಲ್ಲ ಎಂಬ ಉತ್ತರ ಕೇಳುವುದು, ಆಮೇಲೆ ದಿನವಿಡೀ ಮನೆಯವರ ಮೇಲೆ ಹರಿಹಾಯುವುದು. ಅನ್ನ ಮೆತ್ತಗಾಯಿತೆಂದು ಒಂದು ದಿನ, ಮೊಮ್ಮಗ ಟಿವಿ ನೋಡಿದನೆಂದು ಇನ್ನೊಂದು ದಿನ. ಸೊಸೆ ಮಾತಾಡುವುದನ್ನೇ ಕಡಿಮೆ ಮಾಡಿದಳು. ಮಗ ಬೆಳಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಒಂಬತ್ತಕ್ಕೆ ಸೋತು ಬರುವವನು. ಒಂದು ರಾತ್ರಿ ಅವನು, “ಅಪ್ಪಯ್ಯ, ಇಷ್ಟು ತಲೆಬಿಸಿ ಏಕೆ ಮಾಡಿಕೊಳ್ಳುತ್ತೀರಿ? ಕಾಫಿಗೆ ಇಷ್ಟು ಒಳ್ಳೆಯ ಧಾರಣೆ ಬಂದಿದೆಯಂತೆ. ತೋಟ ಮಾರಿ ಇಲ್ಲಿಗೇ ಬಂದುಬಿಡಿ” ಎಂದ. ನಾನು, “ನನ್ನ ಹೆಣ ಎತ್ತಿದ ಮೇಲೆ ಮಾರು” ಎಂದೆ. ಒಂಬತ್ತು ದಿನ ನಮ್ಮಿಬ್ಬರಿಗೆ ಮಾತಿರಲಿಲ್ಲ.

ಅವನು ಕೆಟ್ಟದ್ದನ್ನೇನೂ ಹೇಳಿರಲಿಲ್ಲ ಎಂಬುದು ನನಗೆ ಅಂದೇ ಗೊತ್ತಿತ್ತು. 2024ರಲ್ಲಿ ರೊಬಸ್ಟಾ ಧಾರಣೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ್ದನ್ನು ಪತ್ರಿಕೆಗಳಲ್ಲಿ ಓದಿದ ಪೇಟೆಯವರು ನಮ್ಮನ್ನೆಲ್ಲ ಸಾಹುಕಾರರೆಂದೇ ತಿಳಿದಿದ್ದಾರೆ. ಹೂಮಳೆ ಬಾರದೆ, ಬಂದರೂ ಹಿಮ್ಮಳೆ ಕೈಕೊಟ್ಟರೆ, ಗಿಡದಲ್ಲಿ ಫಸಲೇ ನಿಲ್ಲದಿರುವಾಗ ಧಾರಣೆ ಎಷ್ಟಿದ್ದರೇನು ಎಂಬುದನ್ನು ನಾನಾದರೂ ಮಗನಿಗೆ ಎಂದು ಕುಳಿತು ವಿವರಿಸಿದ್ದೆ? ಹೇಳಿರಲಿಲ್ಲ.

ಆ ಒಂಬತ್ತು ದಿನಗಳಲ್ಲಿ ನನಗೆ ನನ್ನ ತಂದೆಯವರ ನೆನಪು ಬಹಳವಾಗಿ ಬಂತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದುದನ್ನು, 1996ರ ಹೊತ್ತಿಗೆ ಕಾಫಿ ಮಂಡಳಿಯ ಪೂಲ್ ಪದ್ಧತಿ ಪೂರ್ತಿ ಕೊನೆಗೊಂಡುದನ್ನು, 2001-02ರಲ್ಲಿ ಧಾರಣೆ ನೆಲಕಚ್ಚಿದ್ದನ್ನು ಹಿರಿಯ ಸದಸ್ಯರು ಮರೆತಿರಲಾರರು. ಆ ಎರಡು ವರ್ಷ ನಮ್ಮ ತಂದೆಯವರು ಮನೆಯಲ್ಲಿ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಪಾತ್ರೆ ಸದ್ದಾದರೆ ಸಿಟ್ಟು, ನಾನು ಪೇಟೆಗೆ ಹೋದರೆ ಸಿಟ್ಟು. ನನ್ನನ್ನು ಕಂಡರಾಗದು ಎಂದೇ ನಾನು ತಿಳಿದೆ. ಅವರ ಎದುರು ಕುಳಿತು ಊಟ ಮಾಡುವುದನ್ನೂ ಬಿಟ್ಟೆ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಸಾಲದ ಚೀಟಿಗಳು ಸಿಕ್ಕವು. ಪ್ರತಿ ಚೀಟಿಯ ಹಿಂದೆಯೂ ಬಡ್ಡಿಯ ಲೆಕ್ಕವನ್ನು ಸಣ್ಣ ಅಕ್ಷರದಲ್ಲಿ ಬರೆದಿಟ್ಟಿದ್ದರು. ಅವುಗಳನ್ನು ಹಿಡಿದುಕೊಂಡು ನಾನು ಜಗಲಿಯಲ್ಲಿ ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಅವರ ಸಿಟ್ಟು ನನ್ನ ಮೇಲಿನದ್ದಾಗಿರಲಿಲ್ಲ. ಆದರೆ ಅದನ್ನು ಅವರಿಗೆ ಹೇಳಲು ಅವರಿರಲಿಲ್ಲ.

ಈಗ ನನ್ನ ಪೆಟ್ಟಿಗೆಯಲ್ಲೂ ಅಂಥದೇ ಚೀಟಿಗಳಿದ್ದವು. ಎಲೆಚುಕ್ಕಿ ರೋಗ ಬಂದು ಅಡಿಕೆ ಇಳುವರಿ ಬಿದ್ದ ವರ್ಷ ಕೈಸಾಲ ಮಾಡಿದ್ದೆ. ಮನೆಯಾಕೆಗೂ ತಿಳಿಸಿರಲಿಲ್ಲ.

ಹತ್ತನೆಯ ದಿನ ಭಾನುವಾರ. ಮಗ ಎರಡು ಲೋಟ ಕಾಫಿ ಹಿಡಿದುಕೊಂಡು ಬಾಲ್ಕನಿಗೆ ಬಂದ. ಮಾರುವ ಮಾತೆತ್ತಲಿಲ್ಲ, ಸಮಾಧಾನ ಹೇಳಲಿಲ್ಲ. “ಅಪ್ಪಯ್ಯ, ನಮ್ಮ ತೋಟಕ್ಕೆ ಒಂದು ಸಲ ಹೊಡೆಯಲು ಎಷ್ಟು ಡ್ರಮ್ ದ್ರಾವಣ ಬೇಕು? ಮೈಲುತುತ್ತ ಈಗ ಎಷ್ಟಕ್ಕೆ ಸಿಗುತ್ತದೆ?” ಎಂದು ಕೇಳಿದ. ಮೊದಲು ಒಂದೇ ಮಾತಿನ ಉತ್ತರ ಕೊಟ್ಟೆ. ಅರ್ಧ ಗಂಟೆಯ ನಂತರ ನೋಡಿದರೆ ನಾನು 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಎಂದು, ಚಾಕು ಅದ್ದಿ ಪರೀಕ್ಷೆ ಮಾಡುವುದು ಹೇಗೆಂದು, ಹೊಡೆಯುವವರ ಕೂಲಿ ಎಷ್ಟೆಂದು ವಿವರಿಸುತ್ತಿದ್ದೆ. ಅವನು ಒಂದು ಕಾಗದದಲ್ಲಿ ಬರೆದುಕೊಳ್ಳುತ್ತಿದ್ದ. ಕೂಡಿಸಿ ಮುಗಿಸಿ, “ಈ ಹಣ ಎಲ್ಲಿಂದ ಬರುತ್ತದೆ?” ಎಂದ. ಆಗ ಸಾಲದ ಸಂಗತಿ ಬಾಯಿಗೆ ಬಂತು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೇ ಏನೋ ತಪ್ಪು ಮಾಡಿದ್ದೇನೆ ಎಂದುಕೊಂಡಿದ್ದೆ ಅಪ್ಪಯ್ಯ. ಅವಳೂ ಹಾಗೇ ತಿಳಿದಿದ್ದಾಳೆ” ಎಂದ.

ಬಂಧುಗಳೇ, ನಾನು ಹೇಳಬೇಕೆಂದಿರುವುದು ಇಷ್ಟೇ. ನಾವು ಮುಚ್ಚಿಟ್ಟ ಲೆಕ್ಕ ಮನೆಯಲ್ಲಿ ಸಿಟ್ಟಾಗಿ ಹೊರಬರುತ್ತದೆ. ಕಾರಣ ತಿಳಿಯದ ಮಕ್ಕಳು ಆ ಸಿಟ್ಟನ್ನು ತಮ್ಮ ಮೇಲಿನದೆಂದು ತಿಳಿದು ದೂರ ಸರಿಯುತ್ತಾರೆ. ಅವರು ದೂರ ಸರಿದುದನ್ನು ನಾವು ಉದಾಸೀನವೆಂದು ತಿಳಿದು ಇನ್ನಷ್ಟು ಸಿಡುಕುತ್ತೇವೆ. ಇದನ್ನು ಯಾರಾದರೊಬ್ಬರು ಮೊದಲು ಮುರಿಯಬೇಕು.

ಈ ಪತ್ರಿಕೆಯನ್ನು ಓದಿದ ಮೇಲೆ ದಯಮಾಡಿ ಪಟ್ಟಣದಲ್ಲಿರುವ ಮಕ್ಕಳ ಕೈಗೂ ಕೊಡಿ. ಅವರಿಗೆ ನಾಲ್ಕು ಮಾತು.

ಮೊದಲನೆಯದಾಗಿ, ಪರಿಹಾರ ಹೇಳುವ ಮುನ್ನ ಪ್ರಶ್ನೆ ಕೇಳಿ. “ಮಾರಿಬಿಡಿ”, “ಬಿಟ್ಟುಬಿಡಿ” ಎಂದರೆ ನಲವತ್ತು ವರ್ಷದ ದುಡಿಮೆ ವ್ಯರ್ಥ ಎಂದಂತೆ ನಮಗೆ ಕೇಳಿಸುತ್ತದೆ. ಈ ಸಲ ಮರಗಸಿಗೆ ಎಷ್ಟು ಖರ್ಚಾಯಿತು, ಕಣಕ್ಕೆ ಎಷ್ಟು ಬಂತು ಎಂದು ಕೇಳಿದರೆ ನಾವೇ ಉಳಿದದ್ದನ್ನು ಹೇಳುತ್ತೇವೆ.

ಎರಡನೆಯದಾಗಿ, ಒಂದು ಕೆಲಸವನ್ನಾದರೂ ಪೂರ್ತಿಯಾಗಿ ವಹಿಸಿಕೊಳ್ಳಿ. ಫ್ರೂಟ್ಸ್ ನೋಂದಣಿ, ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆವಿಮೆಯ ಕಂತು, ಬೆಳೆಸಾಲ ನವೀಕರಣದ ದಿನಾಂಕ ಇವೆಲ್ಲ ನಿಮಗೆ ಅರ್ಧ ಗಂಟೆಯ ಕೆಲಸ, ನಮಗೆ ಒಂದು ವಾರದ ನಿದ್ದೆಗೇಡು. ನೂರು ಸಲ “ಚಿಂತೆ ಮಾಡಬೇಡಿ” ಎನ್ನುವುದಕ್ಕಿಂತ ಇದು ಮೇಲು.

ಮೂರನೆಯದಾಗಿ, ಸಹಿಸಿಕೊಳ್ಳುವುದಕ್ಕೂ ಒಂದು ಮಿತಿಯಿದೆ. ಹಿರಿಯರೆಂದ ಮಾತ್ರಕ್ಕೆ ಏನಂದರೂ ಕೇಳಿಕೊಂಡಿರಬೇಕೆಂದು ನಾನು ಹೇಳಲಾರೆ, ಅದರಲ್ಲೂ ಸೊಸೆಯಂದಿರ ವಿಷಯದಲ್ಲಿ. ಮಾತು ಮೀರಿದಾಗ “ಈಗ ಬೇಡ, ಸಂಜೆ ಮಾತಾಡೋಣ” ಎಂದು ಎದ್ದುಹೋಗಿ. ಆದರೆ ಸಂಜೆ ಬಂದು ಮಾತಾಡಿ.

ನಾಲ್ಕನೆಯದಾಗಿ, ದೇಹವನ್ನೂ ನೋಡಿ. ರಕ್ತದೊತ್ತಡ ಎಷ್ಟೋ ಜನರಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಇರುತ್ತದೆ. ಕಿವಿ ಮಂದವಾದವರು ತಮಗೆ ತಿಳಿಯದಂತೆಯೇ ಗಟ್ಟಿಯಾಗಿ ಮಾತಾಡುತ್ತಾರೆ. ಅದು ಗದರಿದಂತೆ ಕೇಳಿಸುತ್ತದೆ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ಮೀರಿದರೆ ಅದನ್ನು ಮುದುಕರ ಹಟವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. “ಬದುಕಿ ಪ್ರಯೋಜನವಿಲ್ಲ” ಎಂಬ ಮಾತು ಬಾಯಲ್ಲಿ ಬಂದರೆ ಎರಡು ವಾರ ಕಾಯಲೂ ಬಾರದು, ಅವರನ್ನು ಒಬ್ಬರೇ ಬಿಡಲೂ ಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಇನ್ನು ನಮ್ಮ ವಯಸ್ಸಿನವರಿಗೆ. ಲೆಕ್ಕ ತೋರಿಸಿದರೆ ಮಕ್ಕಳ ಮುಂದೆ ಸಣ್ಣವರಾಗುತ್ತೇವೆ, ಇಲ್ಲವೆ ಅವರು ತೋಟ ಮಾರಿಸಿಯೇ ಬಿಡುತ್ತಾರೆ ಎಂಬ ಭಯ ನಮ್ಮಲ್ಲಿ ಅನೇಕರಿಗಿದೆ. ನನಗೂ ಇತ್ತು. ಆದರೆ ನಾಳೆ ಆ ತೋಟಕ್ಕೂ ಸಾಲಕ್ಕೂ ವಾರಸುದಾರರು ಅವರೇ. ಆಗ ಪೆಟ್ಟಿಗೆಯಿಂದ ತಿಳಿಯುವುದಕ್ಕಿಂತ ಈಗ ನಮ್ಮ ಬಾಯಿಂದ ತಿಳಿಯುವುದು ವಾಸಿ. ಹೆಣ್ಣುಮಕ್ಕಳಿಗೂ ಹೇಳಿ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶದಲ್ಲೆಲ್ಲ 2005ರ ತಿದ್ದುಪಡಿಯಿಂದ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳೂ ಮಗನಂತೆಯೇ ಹಕ್ಕುದಾರಳು. ಹಕ್ಕಿದ್ದವಳಿಗೆ ಕಷ್ಟವೂ ಗೊತ್ತಿರಲಿ.

ನಮ್ಮ ನೆರೆಯ ಒಬ್ಬ ತಾಯಿಯವರು ಕೆಂಗೇರಿ ಉಪನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಕೊಟ್ಟ ಹೆಣ್ಣಿನ ಮನೆಯಲ್ಲಿ ಕೂತು ಉಣ್ಣಬೇಕಾಯಿತಲ್ಲ ಎಂಬ ಕೊರಗು. ಅದನ್ನು ಹೇಳಲಾರದೆ ದಿನವೂ ಮಗಳ ಅಡುಗೆಯಲ್ಲಿ, ಖರ್ಚಿನಲ್ಲಿ ತಪ್ಪು ಹುಡುಕುತ್ತಿದ್ದರು. ಮೆಣಸು ಮಾರಿದ ಹಣದಲ್ಲಿ ಸ್ವಲ್ಪ ಕೊಡಹೋದರೆ ಮಗಳು ಪ್ರೀತಿಯಿಂದಲೇ “ನಿನ್ನ ಹಣ ಯಾರಿಗೆ ಬೇಕಮ್ಮ” ಎಂದು ಹಿಂದಿರುಗಿಸುತ್ತಿದ್ದಳು. ಒಮ್ಮೆ ಅಳಿಯನೇ, ತಿಂಗಳ ಹಾಲಿನ ಲೆಕ್ಕ ನಿಮ್ಮದಾಗಲಿ ಅತ್ತೆ ಎಂದ. ಅಂದಿನಿಂದ ಹಾಲಿನವನಿಗೆ ಹಣ ಕೊಡುವವರು ಅವರೇ, ಹಾಲು ನೀರಾದರೆ ಗದರುವವರೂ ಅವರೇ. ಮನೆಯಲ್ಲಿ ಅರ್ಧ ಜಗಳ ಕಡಿಮೆಯಾಗಿದೆ ಎಂದು ಮಗಳೇ ನನಗೆ ಹೇಳಿದಳು. ಕೊಡುವ ಕೈಯನ್ನು ಒಮ್ಮೆಗೇ ಬರಿದು ಮಾಡಬಾರದು ಎಂಬುದನ್ನು ಮಕ್ಕಳು ತಿಳಿಯಬೇಕು.

ಕಾನೂನಿನ ಬಲವೂ ಇದೆ ಎಂದು ಕೆಲವರು ಹೇಳುತ್ತಾರೆ. ನಿಜ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರಲ್ಲಿ ಕಾಯಿದೆಯಾಗಿದೆ. ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಯವರಲ್ಲಿ ಅರ್ಜಿ ಕೊಡಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಷರತ್ತು ಮುರಿದರೆ, ರದ್ದು ಮಾಡಿಸಲೂ ಬಹುದು. ಕೈಬಿಟ್ಟವರಿಗೆ ಅದು ಅವಶ್ಯವಾದ ಆಸರೆ. ಆದರೆ ನಮ್ಮಲ್ಲಿ ಹೆಚ್ಚಿನ ಮನೆಗಳ ಕಷ್ಟ ಅನ್ನದ್ದಲ್ಲ, ಮಾತಿನದು. ಕಾಯಿದೆಯಿಂದ ಜೀವನಾಂಶ ಬಂದೀತು, ಮಗ ಪಕ್ಕದಲ್ಲಿ ಬಂದು ಕೂರುವಂತೆ ಮಾಡಲು ಬಾರದು.

ನಮ್ಮ ಮನೆಯಲ್ಲಿ ಎಲ್ಲವೂ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ಸಾಲ ಇನ್ನೂ ಇದೆ. ತೀರಿಸುವ ಕ್ರಮವನ್ನು ಇಬ್ಬರೂ ಕುಳಿತು ಬರೆದಿದ್ದೇವೆ. ತೋಟ ಇಟ್ಟುಕೊಳ್ಳುವುದೋ, ಒಂದು ಭಾಗ ಕೊಡುವುದೋ ಎಂಬುದು ಇತ್ಯರ್ಥವಾಗಿಲ್ಲ. ಎರಡನೆಯ ಔಷಧಿ ತಡವಾಗಿ ಅಡಿಕೆ ಸಾಕಷ್ಟು ಉದುರಿತು. ಆದರೆ ಪ್ರತಿ ಭಾನುವಾರ ಬೆಳಗ್ಗೆ ಮಗನ ಫೋನು ಬರುತ್ತದೆ, ನಾನು ಲೆಕ್ಕದ ಪುಸ್ತಕ ಹಿಡಿದು ಕೂರುತ್ತೇನೆ. ಕೊಯ್ಲಿಗೆ ನಾಲ್ಕು ದಿನ ರಜೆ ಹಾಕಿ ಬಂದಿದ್ದ. ಹೊರಡುವ ಮುನ್ನ ಬೆಂಗಳೂರಿನಲ್ಲೇ ಸೊಸೆಗೆ “ತಪ್ಪಾಯಿತಮ್ಮ” ಎಂದು ಹೇಳಿದ್ದೆ. ಹೇಳುವವರೆಗೆ ಕಷ್ಟವೆನಿಸಿತ್ತು, ಹೇಳಿದ ಮೇಲೆ ಹಗುರಾಯಿತು.

ಬೋರ್ಡೋ ದ್ರಾವಣವನ್ನು ಮಾಡಿದ ದಿನವೇ ಹೊಡೆದು ಮುಗಿಸಬೇಕು, ಮರುದಿನಕ್ಕೆ ಇಟ್ಟರೆ ಗುಣ ಕೆಡುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ. ಮಕ್ಕಳಿಗೆ ಹೇಳಬೇಕಾದ ಮಾತೂ ಹಾಗೆಯೇ. ಈ ಸಂಚಿಕೆ ಕೈಗೆ ಬಂದ ವಾರದಲ್ಲೇ ಒಂದು ದಿನ ಲೆಕ್ಕದ ಪುಸ್ತಕ ತೆರೆದು ಅವರೊಂದಿಗೆ ಕೂತುಕೊಳ್ಳಿ. ನಿಮ್ಮ ಅನುಭವ ನನ್ನದಕ್ಕಿಂತ ಬೇರೆಯಾಗಿದ್ದರೆ ಅದನ್ನೂ ಈ ಪತ್ರಿಕೆಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ.