ಜಾತಿ ಗಡಿ ದಾಟುತ್ತದೆ, ಹಕ್ಕು ದಾಟುವುದಿಲ್ಲ

ಕರ್ನಾಟಕದ ಪರಿಶಿಷ್ಟ ಜಾತಿಯವರೊಬ್ಬರು ಕೆಲಸ ಹುಡುಕಿ ನಾಸಿಕ್ ರೋಡ್‌ನಲ್ಲಿ ರೈಲಿಳಿದರೆ ಜಾತಿಯೂ ಜೊತೆಗೇ ಇಳಿಯುತ್ತದೆ. ಬಾಡಿಗೆ ಮನೆಯ ಓನರು ‘ನೀವು ಯಾವ ಜನ?’ ಎಂದು ಕೇಳುವಾಗ ರಾಜ್ಯದ ಗಡಿ ನೋಡುವುದಿಲ್ಲ. ಗಡಿ ನೋಡುವುದು ಮೀಸಲಾತಿ ಮಾತ್ರ.

ಸಂವಿಧಾನದ 341ನೇ ವಿಧಿಯಲ್ಲಿ ಜಾತಿಪಟ್ಟಿ ರಾಜ್ಯವಾರು. ಹಾಗಾಗಿ ವಲಸೆ ಹೋದ ರಾಜ್ಯದ ಕಾಲೇಜು, ನೌಕರಿಯಲ್ಲಿ ಮೀಸಲಾತಿ ಸಿಗದು ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. 2018ರಲ್ಲಿ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಆದರೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ದೇಶದ ಎಲ್ಲೆಡೆ ಉಂಟು ಎಂದು 2023ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ ಹೇಳಿದೆ. ಅವಮಾನ ಗಡಿ ದಾಟುತ್ತದೆ ಎಂದು ಒಪ್ಪಿದ ಮೇಲೆ ಅವಕಾಶ ಏಕೆ ದಾಟಬಾರದು?

ಸ್ಥಳೀಯ ದಲಿತರ ಪಾಲು ಕರಗೀತೆಂಬ ಆತಂಕ ಸುಳ್ಳಲ್ಲ. ಕಾಳಾರಾಮ ಮಂದಿರದ ಬಾಗಿಲಿಗಾಗಿ 1930ರಲ್ಲಿ ಅಂಬೇಡ್ಕರ್ ಜೊತೆ ಸತ್ಯಾಗ್ರಹಕ್ಕಿಳಿದವರ ಮಕ್ಕಳ ತಟ್ಟೆಗೆ ನಾವು ಕೈಹಾಕುವುದು ಬೇಡ. ವಲಸಿಗರಿಗೆ ಹೆಚ್ಚುವರಿ ಸೀಟು ಕೊಡಲಿ. ಸಂಸತ್ತು ಇದಕ್ಕೊಂದು ಕಾನೂನು ಯೋಚಿಸಬೇಕೆಂದು 1990ರ ತೀರ್ಪೇ ಹೇಳಿತ್ತು. ಆಮೇಲೆ ಎಷ್ಟೋ ಸರ್ಕಾರಗಳು ಬಂದುಹೋದವು, ಕಾನೂನು ಬರಲಿಲ್ಲ.

ವರ್ಷವರ್ಷ ರಾಜ್ಯೋತ್ಸವ ಮಾಡುವ ಹೊರನಾಡ ಕನ್ನಡ ಸಂಘಗಳೇ, ಇದೂ ಕನ್ನಡಿಗರ ಪ್ರಶ್ನೆಯೇ. ಎತ್ತಿಕೊಳ್ಳಿ.