ಹಳೆಯ ಒಲೆಗೆ ಹೆಚ್ಚು ಹೊಗೆಯ ಹಕ್ಕೆ?

ದೇಶದ ರಾಜಧಾನಿಯಲ್ಲಿ ಒಂದು ಕಾಲಕ್ಕೆ ಮೂರು ಕಲ್ಲಿದ್ದಲ ವಿದ್ಯುತ್ ಕೇಂದ್ರಗಳು ಉರಿಯುತ್ತಿದ್ದವು: ಇಂದ್ರಪ್ರಸ್ಥ, ರಾಜಘಾಟ್, ಬದರ್‌ಪುರ. ಮೊದಲನೆಯದು 2010ರ ಕ್ರೀಡಾಕೂಟದ ಹೊತ್ತಿಗೆ ನಿಂತಿತು. ಎರಡನೆಯದು 2015ರಲ್ಲಿ ನಿಂತಿತು. 1973ರಲ್ಲಿ ಆರಂಭವಾಗಿ 705 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದಿದ್ದ ಬದರ್‌ಪುರವು 2018ರ ಅಕ್ಟೋಬರ್ 15ರಂದು ಶಾಶ್ವತವಾಗಿ ಬಾಗಿಲು ಮುಚ್ಚಿತು. ಇದರಿಂದ ದೆಹಲಿಯ ಗಾಳಿ ಶುದ್ಧವಾಯಿತೆಂದು ಯಾರೂ ಹೇಳಲಾರರು. ವಾಹನಗಳ ಹೊಗೆ, ಕಟ್ಟಡಗಳ ಧೂಳು, ಹೊಲಗಳಲ್ಲಿ ಸುಡುವ ಕೂಳೆ ಇವೆಲ್ಲ ಹಾಗೆಯೇ ಉಳಿದಿವೆ. ಆದರೆ ಒಂದು ಮಾತು ಸಿದ್ಧವಾಯಿತು. ಹಳೆಯ ಕೇಂದ್ರವನ್ನು ಮುಚ್ಚಿದರೆ ಊರು ಕತ್ತಲಾಗುತ್ತದೆಂಬ ಭಯ ಸುಳ್ಳಾಯಿತು. ಬದರ್‌ಪುರ ನಿಂತ ಮರುದಿನವೂ ದೆಹಲಿಯ ದೀಪಗಳು ಉರಿದವು.

ನ್ಯಾಯಮೂರ್ತಿಗಳೂ ಮಂತ್ರಿಗಳೂ ಉಸಿರಾಡುವ ಊರಿನಲ್ಲಿ ಸಾಧ್ಯವಾದದ್ದು ನಮ್ಮ ರಾಯಚೂರಿನಲ್ಲಿ ಏಕೆ ಅಸಾಧ್ಯವೆಂಬುದೇ ಈ ಲೇಖನದ ಪ್ರಶ್ನೆ.

ರಾಯಚೂರು ನಗರಕ್ಕೆ ಸಮೀಪದಲ್ಲಿ, ಕೃಷ್ಣಾ ನದಿಯ ದಂಡೆಯ ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕವು 1985ರಲ್ಲಿ ಕೆಲಸ ಆರಂಭಿಸಿತು. ಇಂದು ಅಲ್ಲಿ ಎಂಟು ಘಟಕಗಳಿವೆ. ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ಅದು ಹೊರರಾಜ್ಯಗಳ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ವಿದ್ಯುತ್ತು ತಂತಿಯ ಮೇಲೆ ನಾಡಿಗೆಲ್ಲ ಹೋಗುತ್ತದೆ. ಅಲ್ಲಿಯೇ ಉಳಿಯುವುದು ಬೂದಿ. ಈ ಕೇಂದ್ರವು ನಾಡಿಗೆ ಮಾಡಿದ ಉಪಕಾರವನ್ನು ನಾವು ಮರೆತಿಲ್ಲ. ಜಲಾಶಯಗಳು ಬತ್ತಿದ ವರ್ಷಗಳಲ್ಲಿ ನಮ್ಮ ಪಂಪುಸೆಟ್ಟುಗಳನ್ನು ನಡೆಸಿದ್ದು ಇದೇ ಬೆಂಕಿ. ಹಾಗೆಂದು ಉಪಕಾರಕ್ಕೆ ಪ್ರತಿಯಾಗಿ ಸುತ್ತಲಿನ ಹಳ್ಳಿಗಳ ಮಕ್ಕಳ ಶ್ವಾಸಕೋಶವನ್ನು ಒಪ್ಪಿಸಬೇಕೆ?

ಲೆಕ್ಕವನ್ನು ಸ್ವಲ್ಪ ನೋಡೋಣ. 210 ಮೆಗಾವಾಟಿನ ಒಂದು ಘಟಕ ಪೂರ್ಣ ಪ್ರಮಾಣದಲ್ಲಿ ನಡೆದರೆ ದಿನಕ್ಕೆ ಸುಮಾರು 3500 ಟನ್ ಕಲ್ಲಿದ್ದಲನ್ನು ಸುಡುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿಗೂ ಮೇಲ್ಪಟ್ಟು ಬೂದಿಯಿರುವುದುಂಟು. ಅಂದರೆ ಒಂದೇ ಘಟಕದಿಂದ ದಿನಕ್ಕೆ ಸುಮಾರು 1200 ಟನ್ ಬೂದಿ. ಅದರ ಬಹುಭಾಗ ತಳಕ್ಕೆ ಬೀಳದೆ ಹೊಗೆಯೊಡನೆ ಮೇಲೇರುವ ಹಾರುಬೂದಿ. ಇದನ್ನು ವಿದ್ಯುತ್ತಿನ ಸೆಳೆತದಿಂದ ಹಿಡಿದಿಡುವ ಯಂತ್ರವುಂಟು. ಅದು ನೂರಕ್ಕೆ 99.9 ಪಾಲು ಹಿಡಿದರೆ ಹೊರಗೆ ಹೋಗುವುದು ದಿನಕ್ಕೆ ಒಂದು ಟನ್ನಿನಷ್ಟು. ಯಂತ್ರಕ್ಕೆ ವಯಸ್ಸಾಗಿ, ಫಲಕಗಳು ಸವೆದು, ಹಿಡಿತ 99ಕ್ಕೆ ಇಳಿದರೆ? ಕಾಗದದ ಮೇಲೆ ಇದು ಒಂದು ಪಾಲಿನೊಳಗಿನ ವ್ಯತ್ಯಾಸ. ಊರಿನ ಮೇಲೆ ಹತ್ತುಪಟ್ಟು ಬೂದಿ. ‘ನಮ್ಮ ಯಂತ್ರ ನೂರಕ್ಕೆ 99ರಷ್ಟು ದಕ್ಷ’ ಎಂದು ಯಾರಾದರೂ ಅಧಿಕಾರಿ ಹೆಮ್ಮೆಪಟ್ಟರೆ ಓದುಗರು ಈ ಲೆಕ್ಕವನ್ನು ಅವರ ಮುಂದಿಡಬೇಕು. ಹಣೆಯಲ್ಲಿ ಧರಿಸುವ ಭಸ್ಮಕ್ಕೆ ತಲೆಬಾಗುವವರು ನಾವು. ಈ ಬೂದಿಗೆ ತಲೆಬಾಗಬೇಕಾದ ಕಾರಣವೇನೂ ಇಲ್ಲ.

ಇನ್ನು ಕಾನೂನಿನ ಮಾತು. ಕೇಂದ್ರ ಪರಿಸರ ಸಚಿವಾಲಯವು 2015ರ ಡಿಸೆಂಬರಿನಲ್ಲಿ ಹೊಸ ಮಿತಿಗಳನ್ನು ಪ್ರಕಟಿಸಿತು. 2017ರಿಂದ ಸ್ಥಾಪಿತವಾಗುವ ಘಟಕಗಳು ಪ್ರತಿ ಘನಮೀಟರ್ ಹೊಗೆಯಲ್ಲಿ 30 ಮಿಲಿಗ್ರಾಂ ಧೂಳನ್ನು ಮಾತ್ರ ಬಿಡಬಹುದು. 2004ರಿಂದ 2016ರವರೆಗಿನವು 50. ಅದಕ್ಕೂ ಹಿಂದಿನವು 100! ಶಕ್ತಿನಗರದ ಎಂಟು ಘಟಕಗಳಲ್ಲಿ ಏಳು 2003ರೊಳಗೆ ಆರಂಭವಾದವು. ಎಂಟನೆಯದು ಮಾತ್ರ 2010ರದು. ಹೀಗೆ ಒಂದೇ ಆವರಣದಲ್ಲಿ ಏಳಕ್ಕೆ 100ರ ಮಿತಿ, ಒಂದಕ್ಕೆ 50ರ ಮಿತಿ. ಇವುಗಳ ಹೊಗೆ ಮೇಲೆ ಹೋದ ಬಳಿಕ ತನ್ನ ಹುಟ್ಟಿದ ವರ್ಷವನ್ನು ಯಾರಿಗೂ ಹೇಳುವುದಿಲ್ಲ. ಹಳೆಯ ಯಂತ್ರವನ್ನು ಹೊಸದರಂತೆ ಮಾಡಲಾಗದೆಂಬುದು ಎಂಜಿನಿಯರರ ವಾದ. ಅದು ನಿಜವೇ ಇರಬಹುದು. ಆಗದಿದ್ದರೆ ನಿಲ್ಲಿಸತಕ್ಕದ್ದೇ ಹೊರತು ಆಗದಿರುವುದನ್ನೇ ನಿಯಮವನ್ನಾಗಿ ಬರೆಯತಕ್ಕದ್ದಲ್ಲ. ಕಣ್ಣು ಮಂಜಾದ ಚಾಲಕನಿಗೆ ಹೆಚ್ಚಿನ ವೇಗದ ಅನುಮತಿ ಕೊಡುವ ಸಾರಿಗೆ ಇಲಾಖೆಯನ್ನು ನಾವು ಕಂಡಿಲ್ಲ.

ಈ ಸಡಿಲ ಮಿತಿಗಳಿಗೂ ಕೊಟ್ಟ ಗಡುವು ಎರಡೇ ವರ್ಷದ್ದು. 2017 ಕಳೆಯಿತು. ಗಡುವು ಮುಂದೆ ಹೋಯಿತು, ಮತ್ತೆ ಹೋಯಿತು, ಮತ್ತೂ ಹೋಯಿತು. ಕೊನೆಗೆ 2025ರ ಜುಲೈ 11ರ ಅಧಿಸೂಚನೆಯಲ್ಲಿ ಗಂಧಕದ ಡೈಆಕ್ಸೈಡಿನ ಮಿತಿಯಿಂದ ದೇಶದ ಬಹುಪಾಲು ಕೇಂದ್ರಗಳಿಗೆ ವಿನಾಯಿತಿಯೇ ದೊರೆಯಿತು. ಹೊಗೆಕೊಳವೆ ನಿಗದಿತ ಎತ್ತರಕ್ಕಿದ್ದರೆ ಸಾಕೆಂಬುದು ಷರತ್ತು. ಯಾರಿಗೆ ವಿನಾಯಿತಿಯಿಲ್ಲ? ರಾಜಧಾನಿ ವಲಯದ ಅಥವಾ ಹತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ನಗರಗಳ 10 ಕಿಲೋಮೀಟರ್ ಒಳಗಿರುವ ಕೇಂದ್ರಗಳಿಗೆ. ಅವು 2027ರ ಅಂತ್ಯದೊಳಗೆ ಸರಿಪಡಿಸಿಕೊಳ್ಳಬೇಕು. ರಾಯಚೂರಿನಂಥ ಊರಿಗೆ ಈ ಮೊದಲ ಸಾಲಿನಲ್ಲಿ ಸ್ಥಾನವಿಲ್ಲ. ತಲೆ ಎಣಿಸಿ ಉಸಿರಿನ ಬೆಲೆ ಕಟ್ಟುವ ಈ ನೀತಿಗೆ ವಿಜ್ಞಾನದ ಹೆಸರು ಕೊಡಲಾಗಿದೆ.

ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಅರ್ಧ ಪಾಲು ಮಾತ್ರ ಎನ್ನುತ್ತಾರೆ. ಸರಿ, ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ದಿನಕ್ಕೆ 3500 ಟನ್ನಿನಲ್ಲಿ ಅರ್ಧ ಪಾಲು ಎಂದರೆ 17 ಟನ್ನಿಗೂ ಮಿಕ್ಕ ಗಂಧಕ, ಉರಿದಾಗ ಅದು ತೂಕದಲ್ಲಿ ಎರಡುಪಟ್ಟಾಗಿ 35 ಟನ್ ಅನಿಲವಾಗುತ್ತದೆ. ಒಂದು ಘಟಕದಿಂದ, ಒಂದು ದಿನಕ್ಕೆ. ಕೊಳವೆ ಎತ್ತರವಾದರೆ ಈ ಅನಿಲ ಇಲ್ಲವಾಗುವುದಿಲ್ಲ, ದೂರ ಹೋಗುತ್ತದೆ. ಹೋಗುವ ದಾರಿಯಲ್ಲಿ ಅದು ಗಾಳಿಯ ತೇವದೊಡನೆಯೂ ಅಮೋನಿಯದೊಡನೆಯೂ ಕೂಡಿ ಸಲ್ಫೇಟಿನ ಅತಿಸೂಕ್ಷ್ಮ ಕಣವಾಗಿ ಮಾರ್ಪಡುತ್ತದೆ. ಮೂಗಿನ ಕೂದಲಿಗೂ ಗಂಟಲಿಗೂ ಸಿಕ್ಕದೆ ಶ್ವಾಸಕೋಶದ ಆಳಕ್ಕಿಳಿದು, ಕೆಲವು ರಕ್ತಕ್ಕೂ ಸೇರಿ, ಹೃದಯವನ್ನು ಬಾಧಿಸುವ ಕಣಗಳಿವು. ಇವುಗಳ ವಾರ್ಷಿಕ ಸರಾಸರಿ ಘನಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 40.

ಬಡವನಿಗೆ ವಿದ್ಯುತ್ತಿನ ದರ ಏರುತ್ತದೆಂಬ ಕಳಕಳಿಯೂ ಕೇಳಿಬರುತ್ತದೆ. ಆಸ್ಪತ್ರೆಯ ಖರ್ಚು ಅದೇ ಬಡವನ ಜೇಬಿನಿಂದ ಹೋಗುವಾಗ ಈ ಕಳಕಳಿ ಎಲ್ಲಿರುತ್ತದೆಯೋ ತಿಳಿಯದು. ಪಾವಗಡದ ಬರದ ನೆಲದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಭೂಮಿಯ ಮೇಲೆ 2050 ಮೆಗಾವಾಟಿನ ಸೌರ ಸ್ಥಾವರವನ್ನು ಇದೇ ರಾಜ್ಯ ಕಟ್ಟಿದೆ. ಸೂರ್ಯ ರಾತ್ರಿ ಉರಿಯುವುದಿಲ್ಲವೆಂಬ ಆಕ್ಷೇಪ ಸರಿಯೇ; ಅದಕ್ಕೆ ಜಲವಿದ್ಯುತ್ತನ್ನೂ ಹೊಸ ಘಟಕಗಳನ್ನೂ ಹೊಂದಿಸಿಕೊಳ್ಳುವ ಲೆಕ್ಕವನ್ನು ಎಂಜಿನಿಯರರು ಮಾಡಬಲ್ಲರು. ಎಲ್ಲ ಬೆಂಕಿಯನ್ನೂ ನಾಳೆಯೇ ಆರಿಸಿರೆಂದು ನಾವು ಹೇಳುತ್ತಿಲ್ಲ.

ನಾವು ಕೇಳುವುದು ಇಷ್ಟು. 1985 ಮತ್ತು 1986ರ ಮೊದಲೆರಡು ಘಟಕಗಳು ನಿಲ್ಲುವ ದಿನವನ್ನು ಸರ್ಕಾರ ಜನರ ಮುಂದೆ ಬರೆದುಕೊಡಲಿ. ಅಲ್ಲಿ ದುಡಿದವರಿಗೆ ಬೇರೆ ಕೆಲಸವನ್ನು ಮೊದಲೇ ಗೊತ್ತುಮಾಡಲಿ. ಉಳಿದ ಘಟಕಗಳಿಗೆ ಹುಟ್ಟಿದ ವರ್ಷ ನೋಡದೆ ಒಂದೇ ಮಿತಿ ಇರಲಿ. ಪ್ರತಿ ಹೊಗೆಕೊಳವೆಯ ದಿನದಿನದ ಅಳತೆಯನ್ನು ಶಕ್ತಿನಗರದ ಬಸ್ ನಿಲ್ದಾಣದಲ್ಲಿ, ರಾಯಚೂರಿನ ನಗರಾಡಳಿತ ಕಚೇರಿಯ ಗೋಡೆಯ ಮೇಲೆ, ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆಯಲಿ.