ವಿಶ್ವವಿದ್ಯಾಲಯಕ್ಕೆ ಉಳಿದಿರುವುದು ಒಂದೇ ಜಿಲ್ಲೆ

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ ಕಲಬುರಗಿ ಜಿಲ್ಲೆಗೆ ಸಿಕ್ಕಿದ್ದು ರಾಜ್ಯದ ಕಟ್ಟಕಡೆಯ ಸ್ಥಾನ: ಶೇ 42.43. ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು ಶೇ 91.12. ಅದರ ಹಿಂದಿನ ವರ್ಷವೂ ಜಿಲ್ಲೆಗಿಂತ ಕೆಳಗಿದ್ದದ್ದು ಯಾದಗಿರಿ ಒಂದೇ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದದ್ದು 2024ರಲ್ಲಿ. ಆ ವರ್ಷ ಕೃಪಾಂಕ ಕೊಟ್ಟ ಮೇಲೂ ಇಡೀ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಕ್ಯಾಮೆರಾದಿಂದ ಯಾವ ಮಗುವಿನ ಕಲಿಕೆಯೂ ಕುಗ್ಗಲಿಲ್ಲ. ಅಲ್ಲಿಯವರೆಗೆ ನಕಲು ಚೀಟಿಯ ಮರೆಯಲ್ಲಿದ್ದ ಲೆಕ್ಕ ಬಯಲಿಗೆ ಬಂತು, ಅಷ್ಟೆ.

ಫಲಿತಾಂಶದ ನಂತರ ಏನೇನು ನಡೆಯುತ್ತದೆ ಎಂಬುದು ಈ ಭಾಗದ ಶಿಕ್ಷಕರಿಗೆ ಬಾಯಿಪಾಠ. ಮುಖ್ಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸ್, ಬಿಇಒಗಳಿಗೆ ಸಭೆಯಲ್ಲಿ ತರಾಟೆ, ಚಳಿಗಾಲಕ್ಕೆ ಬೆಳಿಗ್ಗೆ–ಸಂಜೆ ವಿಶೇಷ ತರಗತಿ, ಪರೀಕ್ಷೆ ಹತ್ತಿರವಾದಂತೆ ‘ಪಾಸಿಂಗ್ ಪ್ಯಾಕೇಜ್’. ಯಾರೂ ಕಾರಣ ಕೇಳದ ಸಂಸ್ಥೆಯೊಂದು ಮಾತ್ರ ಉಳಿದುಬಿಡುತ್ತದೆ. ಅದು ಗುಲಬರ್ಗಾ ವಿಶ್ವವಿದ್ಯಾಲಯ.

ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ 1970ರಲ್ಲಿ ಹುಟ್ಟಿ, 1980ರಲ್ಲಿ ಸ್ವತಂತ್ರವಾದ ಈ ವಿಶ್ವವಿದ್ಯಾಲಯದ ವ್ಯಾಪ್ತಿ ಒಂದು ಕಾಲಕ್ಕೆ ಬೀದರಿನಿಂದ ಬಳ್ಳಾರಿಯವರೆಗೆ ಹಬ್ಬಿತ್ತು. 2010ರಲ್ಲಿ ಬಳ್ಳಾರಿ, ಕೊಪ್ಪಳ ಕೈತಪ್ಪಿದವು. ಆಮೇಲೆ ರಾಯಚೂರು ವಿಶ್ವವಿದ್ಯಾಲಯ ಬಂದು ರಾಯಚೂರು, ಯಾದಗಿರಿ ಹೋದವು. ಬೀದರ್ ವಿಶ್ವವಿದ್ಯಾಲಯದೊಂದಿಗೆ ಬೀದರೂ ಹೋಯಿತು. ಈಗ ಹೆಚ್ಚುಕಡಿಮೆ ಉಳಿದಿರುವುದು ಕಲಬುರಗಿ ಜಿಲ್ಲೆಯೊಂದೇ. ಸಂಯೋಜನಾ ಶುಲ್ಕ ಕಡಿಮೆಯಾಯಿತೆಂಬ ಕೊರಗು ಆಡಳಿತಕ್ಕೆ ಇರಬಹುದು. ಆದರೆ ಒಂದು ಜಿಲ್ಲೆಗೆ ಒಂದು ರಾಜ್ಯ ವಿಶ್ವವಿದ್ಯಾಲಯ ಎಂಬುದು ಅಪರೂಪದ ಅವಕಾಶವೂ ಹೌದು. ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಪಾಠ ಮಾಡುವ ಬಹಳಷ್ಟು ಶಿಕ್ಷಕರ ಪದವಿ, ಬಿ.ಇಡಿ ಪ್ರಮಾಣಪತ್ರಗಳ ಮೇಲಿರುವುದು ಇದೇ ವಿಶ್ವವಿದ್ಯಾಲಯದ ಮುದ್ರೆ. ಅವರ ಕೈಯಲ್ಲಿ ಪಾಸಾದ ಮಕ್ಕಳು ಮರಳಿ ಬರುವುದೂ ಇದರ ಕಾಲೇಜುಗಳಿಗೇ. ಹತ್ತನೇ ತರಗತಿಯ ಶೇ 42 ವಿಶ್ವವಿದ್ಯಾಲಯದ ಹೊರಗಿನ ಸಂಗತಿ ಹೇಗಾದೀತು?

ಸೇಡಂ ತಾಲ್ಲೂಕಿನ ಕೋಡ್ಲಾವನ್ನು ನಡುವೆ ಇಟ್ಟುಕೊಂಡು ಸುತ್ತ ನೋಡಿದರೆ ಈ ಶಾಲೆಗಳು ಎಂಥ ಸೀಮೆಯಲ್ಲಿವೆ ಎಂಬುದು ಸ್ಪಷ್ಟವಾಗುತ್ತದೆ. ಕೋಡ್ಲಾ ಬಳಿ ಶ್ರೀ ಸಿಮೆಂಟ್, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ, ವಾಡಿಯಲ್ಲಿ ಎಸಿಸಿ. ದೇಶದ ಮನೆಗಳಿಗೆ ಸಿಮೆಂಟು, ಶಹಾಬಾದಿನಿಂದ ನೆಲಕ್ಕೆ ಹಾಸುವ ಪರ್ಶಿ ಕಲ್ಲು ಕಳಿಸುವ ಸೀಮೆ ಇದು. ಇದೇ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳು 2002ರ ನಂಜುಂಡಪ್ಪ ವರದಿಯ ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಕಂಪನಿಗಳ ಸಿಎಸ್‌ಆರ್ ಹಣ ಶಾಲೆಗಳಿಗೆ ಬರುವುದಿಲ್ಲವೆಂದಲ್ಲ. ಕೊಠಡಿ, ಕಾಂಪೌಂಡು, ಬೆಂಚು, ಶೌಚಾಲಯ, ಸ್ಮಾರ್ಟ್‌ಬೋರ್ಡು ಎಂದು ಫೋಟೊದಲ್ಲಿ ಕಾಣುವ ಕೆಲಸಕ್ಕೆ ಹೆಚ್ಚು ಬರುತ್ತದೆ. ಮೂರನೇ ತರಗತಿಯ ಮಗು ಒತ್ತಕ್ಷರ ಓದಲು ಕಲಿತದ್ದು ಫೋಟೊದಲ್ಲಿ ಕಾಣುವುದಿಲ್ಲ.

ಎಸ್ಸೆಸ್ಸೆಲ್ಸಿಯ ಸೋಲಿನ ಬೀಜ ಬೀಳುವುದು ಆ ಒತ್ತಕ್ಷರದಲ್ಲೇ. ಚಿಂಚೋಳಿಯ ತಾಂಡಾದ ಮಗು ಮನೆಯಲ್ಲಿ ಮಾತಾಡುವುದು ಲಂಬಾಣಿ. ತೆಲಂಗಾಣಕ್ಕೆ ತಾಗಿದ ಹಳ್ಳಿಗಳಲ್ಲಿ ಅನೇಕ ಮನೆಗಳ ಮಾತು ತೆಲುಗು. ಶಹಾಬಾದ್, ವಾಡಿಗಳಲ್ಲಿ ಉರ್ದು. ಕನ್ನಡವನ್ನೇ ಆಡುವ ಮನೆಯ ಮಗುವಿಗೂ ‘ಸಾಲಿ’ಯ ಪುಸ್ತಕದ ಕನ್ನಡ ದೂರದ ನೆಂಟ. ಒಂದನೇ ತರಗತಿಯ ಶಿಕ್ಷಕಿಗೆ ಈ ಅಂತರ ದಾಟಿಸುವ ತರಬೇತಿ ಸಿಕ್ಕಿರುವುದಿಲ್ಲ. ಕನ್ನಡಕ್ಕೂ ಉರ್ದುವಿಗೂ ಪ್ರತ್ಯೇಕ ಅಧ್ಯಯನ ವಿಭಾಗಗಳಿರುವ ವಿಶ್ವವಿದ್ಯಾಲಯ ಜಿಲ್ಲಾ ಕೇಂದ್ರದಲ್ಲೇ ಇದೆ. ಲಂಬಾಣಿ ಮಾತಿನಿಂದ ಶಾಲೆಯ ಕನ್ನಡಕ್ಕೆ ಹತ್ತಿಸುವ ಮೂವತ್ತು ಪುಟದ ಕೈಪಿಡಿ ಮಾಡಲು ಪಿಎಚ್.ಡಿ ಪ್ರಬಂಧದಷ್ಟು ಕಾಲ ಬೇಕಿಲ್ಲ.

ಇನ್ನು ಗುಳೆ. ದೀಪಾವಳಿ ಕಳೆಯುತ್ತಿದ್ದಂತೆ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯಲಿಕ್ಕೆ ಸಂಸಾರಗಳು ಹೊರಡುತ್ತವೆ. ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯುತ್ತದೆ, ಮಗು ಇರುವುದಿಲ್ಲ. ಇಲ್ಲವೇ ಅಜ್ಜಿಯ ಬಳಿ ಬಿಟ್ಟ ಹುಡುಗಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ತರಗತಿಗೆ ಬರುತ್ತಾಳೆ. ಊರಲ್ಲೇ ಉಳಿದವರಿಗೆ ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ. ವಿಶೇಷ ತರಗತಿಗಳ ಕಾಲವೂ ಅದೇ. ‘ಅಪ್ಪ ಅವ್ವ ದುಡಿಯಾಕ ಹೋಗ್ಯಾರ್ರಿ ಸರ್’ ಎಂಬ ಉತ್ತರದ ಮುಂದೆ ಯಾವ ನೋಟಿಸೂ ನಡೆಯುವುದಿಲ್ಲ.

ಇದೆಲ್ಲದರ ನಡುವೆ ನಿಂತವರು ಮುಖ್ಯ ಶಿಕ್ಷಕರು. ಅನೇಕ ಶಾಲೆಗಳಲ್ಲಿ ಅವರು ‘ಪ್ರಭಾರ’, ಅಂದರೆ ಪಾಠವೂ ಅವರದೇ, ಆಡಳಿತವೂ ಅವರದೇ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲಿನ ಪುಡಿ, ಮಧ್ಯಾಹ್ನ ಬಿಸಿಯೂಟದ ಲೆಕ್ಕ, ವಾರದ ಆರು ದಿನ ಮೊಟ್ಟೆ ಎಣಿಸಿ ಸುಲಿಸುವ ಉಸ್ತುವಾರಿ, ರಾಜ್ಯದ ಮಾಹಿತಿ ತಂತ್ರಾಂಶ ಎಸ್‌ಎಟಿಎಸ್‌ಗೆ ಮಾಹಿತಿ, ಕೇಂದ್ರದ ಯುಡೈಸ್‌ಗೆ ಮತ್ತೊಮ್ಮೆ ಅದೇ ಮಾಹಿತಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಇಂದೇ ಕಳುಹಿಸಿ’ ಎಂಬ ಸಂದೇಶ. (ಮೊಟ್ಟೆಯ ವಿಷಯದಲ್ಲಿ ದೂರು ಸಲ್ಲದು, 2021ರಲ್ಲಿ ಮೊದಲು ಈ ಭಾಗದ ಮಕ್ಕಳಿಗೇ ಸಿಕ್ಕ ಆ ಮೊಟ್ಟೆ ಹಾಜರಿಗೆ ಯಾವ ಸುತ್ತೋಲೆಗಿಂತಲೂ ಹೆಚ್ಚು ಬಲ ಕೊಟ್ಟಿದೆ.) ಶಾಲೆಯೊಳಗಿನ ಸಂಗತಿಗಳಲ್ಲಿ ಮಕ್ಕಳ ಕಲಿಕೆಯ ಮೇಲೆ ಪಾಠದ ಗುಣಮಟ್ಟ ಬಿಟ್ಟರೆ ಅತಿ ಹೆಚ್ಚು ಪರಿಣಾಮ ಬೀರುವುದು ಮುಖ್ಯಸ್ಥರ ನಾಯಕತ್ವ ಎಂದು ಮಿನ್ನೆಸೋಟಾ ಮತ್ತು ಟೊರಾಂಟೊ ವಿಶ್ವವಿದ್ಯಾಲಯಗಳ ತಂಡ 2004ರಲ್ಲಿ ಹೇಳಿತು. ನಮ್ಮಲ್ಲಿ ಆ ನಾಯಕನ ದಿನದ ಬಹುಪಾಲು ಗುಮಾಸ್ತಿಕೆಗೆ ಹೋಗುತ್ತದೆ.

ಹಾಗಾದರೆ ಮುಖ್ಯ ಶಿಕ್ಷಕರಿಗೆ ತರಬೇತಿ ಕೊಟ್ಟು, ಶಾಲೆಗೊಂದು ಸುಧಾರಣಾ ಯೋಜನೆ ಬರೆಸಿದರೆ ಸಾಕೇ? ಮಧ್ಯಪ್ರದೇಶ ಅದನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿತು. ಶಾಲೆಗಳ ಮೌಲ್ಯಮಾಪನವಾಯಿತು, ಯೋಜನೆಗಳು ಬರೆಯಲ್ಪಟ್ಟವು, ಕಡತ ಪೂರ್ತಿಯಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜಿತ್ ಸಿಂಗ್ ಅಳೆದು ನೋಡಿದಾಗ ಮಕ್ಕಳ ಕಲಿಕೆ ಇದ್ದಲ್ಲೇ ಇತ್ತು. ಪೋಷಕರಿಗೆ ಅರಿವು ಮೂಡಿಸಿದರೆ ಸಾಕೆಂಬ ನಂಬಿಕೆಗೂ ಇಂಥದೇ ಪೆಟ್ಟು ಬಿದ್ದಿದೆ. ಉತ್ತರಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2005ರ ಸುಮಾರಿಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಪ್ರಥಮ್ ಸಂಸ್ಥೆಯ ಜೊತೆ ನಡೆಸಿದ ಅಧ್ಯಯನದಲ್ಲಿ ಗ್ರಾಮ ಶಿಕ್ಷಣ ಸಮಿತಿಯ ಸುಮಾರು ಕಾಲು ಭಾಗ ಸದಸ್ಯರಿಗೆ ತಾವು ಸದಸ್ಯರೆಂಬುದೇ ಗೊತ್ತಿರಲಿಲ್ಲ. ಸಭೆ ಕರೆದು ಅವರ ಹಕ್ಕು ಏನೆಂದು ತಿಳಿಸಿದರೂ ಕಲಿಕೆ ಬದಲಾಗಲಿಲ್ಲ. ಬದಲಾದದ್ದು ಊರಿನ ಯುವಕ–ಯುವತಿಯರು ಸ್ವಲ್ಪ ತರಬೇತಿ ಪಡೆದು ಮಕ್ಕಳಿಗೆ ಓದು ಕಲಿಸಿದ ಕಡೆ ಮಾತ್ರ.

ಕರ್ನಾಟಕದ ಎಸ್‌ಡಿಎಂಸಿಗಳಿಗೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಈ ಮಾತು ಅನ್ವಯಿಸುತ್ತದೆ. ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2001ರಲ್ಲಿ ಬಂದ ಈ ಸಮಿತಿಗಳು ಕಾಗದದ ಮೇಲೆ ದೇಶಕ್ಕೇ ಮಾದರಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲಾ ಅಭಿವೃದ್ಧಿ ಯೋಜನೆಯನ್ನು ಅವರೇ ರೂಪಿಸಬೇಕು. ಕೂಲಿ ಬಿಟ್ಟು ಸಭೆಗೆ ಬಂದ ತಾಯಿಗೆ ನಡಾವಳಿ ಪುಸ್ತಕದಲ್ಲಿ ಸಹಿ ಮಾಡುವುದರ ಆಚೆ ಏನು ಕೆಲಸವಿದೆ ಎಂದು ಹೇಳಿಕೊಡುವವರು ಯಾರು?

ಒಬ್ಬ ವೈದ್ಯರು ಹೇಳಿಕೊಟ್ಟಿದ್ದರು, ಅಮೆರಿಕದ ನ್ಯೂಹೇವನ್‌ನಲ್ಲಿ. ಯೇಲ್ ವಿಶ್ವವಿದ್ಯಾಲಯದ ಮನೋವೈದ್ಯ ಜೇಮ್ಸ್ ಕೋಮರ್ 1968ರಲ್ಲಿ ಆ ನಗರದ ಎರಡು ಬಡ, ಕಪ್ಪು ಜನರ ಬಡಾವಣೆಯ ಶಾಲೆಗಳಿಗೆ ತಮ್ಮ ತಂಡವನ್ನು ಕರೆದೊಯ್ದರು. ಅವರ ತಾಯಿ ಮನೆಗೆಲಸ ಮಾಡಿ ಮಕ್ಕಳನ್ನು ಓದಿಸಿದವರು. ಓದು ಬಾರದ ಪೋಷಕರನ್ನು ಕಂಡು ಮೂಗು ಮುರಿಯುವ ಅಭ್ಯಾಸ ಕೋಮರ್ ಅವರಿಗೆ ಇರಲಿಲ್ಲ. ಮೊದಲ ವರ್ಷ ಪೂರ್ತಿ ರಂಪ. ಆದರೂ ಅವರು ಬಿಟ್ಟು ಹೋಗಲಿಲ್ಲ. ಮುಖ್ಯಸ್ಥರು, ಶಿಕ್ಷಕರು, ಪೋಷಕರು ಒಂದೇ ಮೇಜಿನ ಸುತ್ತ ಕೂತು ಶಾಲೆ ನಡೆಸುವ ಪದ್ಧತಿ ಬೆಳೆಯಿತು. ತಪ್ಪು ಯಾರದೆಂದು ಹುಡುಕುವ ಸಭೆ ಅಲ್ಲಿ ನಿಷಿದ್ಧ. ಮಕ್ಕಳ ಓದು, ಗಣಿತ ಮೇಲೇಳಲು ಹಲವು ವರ್ಷ ಹಿಡಿಯಿತು, ಎದ್ದದ್ದಂತೂ ನಿಜ.

ನಮ್ಮ ದೇಶದ ಉದಾಹರಣೆ ಇನ್ನೂ ಹತ್ತಿರದ್ದು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಹೊಸ ಪ್ರಯೋಗ ಶುರುವಾದ ಮೇಲೆ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ರೈಲು ಹತ್ತಿ ಬಂದು ಹಳ್ಳಿ ಶಿಕ್ಷಕರ ಜೊತೆ ನೆಲದ ಮೇಲೆ ಕೂತರು. ಕಿಟ್ಟು ಮಾಡಿದರು, ಪಠ್ಯ ಬರೆದರು, ಶಿಕ್ಷಕರ ಪ್ರಶ್ನೆಗಳಿಗೆ ಸೋತರು, ಮತ್ತೆ ಬರೆದರು. 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿದ ಕಾರ್ಯಕ್ರಮವನ್ನು ಸರ್ಕಾರ 2002ರಲ್ಲಿ ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದು ಸಣ್ಣ ಮಾತಲ್ಲ. ಒಂದು ಆದೇಶಕ್ಕೆ ನಿಂತದ್ದೂ ಪಾಠವೇ. ಹಳೆಯ ಕಲಬುರಗಿ ಜಿಲ್ಲೆಯೊಳಗೇ ಇದ್ದ ಸುರಪುರ ತಾಲ್ಲೂಕಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್, ಯುನಿಸೆಫ್ ಮತ್ತು ರಾಜ್ಯ ಸರ್ಕಾರ ಸೇರಿ ಮಕ್ಕಳಸ್ನೇಹಿ ಶಾಲೆಗಳ ಕೆಲಸ ಮಾಡಿದವು. 2010ರಲ್ಲಿ ಬೆಂಗಳೂರಿನಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಶುರುವಾಗುವ ಮುಂಚೆಯೇ ಆ ಸಂಸ್ಥೆಯವರ ಕಾಲಿಗೆ ಇಂಥ ಹಳ್ಳಿಗಳ ಧೂಳು ಹತ್ತಿತ್ತು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ವಿಶ್ವವಿದ್ಯಾಲಯದ ಜ್ಞಾನ ಬೇಕೆನಿಸಿದೆ. ಈ ಭಾಗದ ಶಿಕ್ಷಣ ಸುಧಾರಣೆಗೆ ಸಲಹೆ ಕೊಡಲು ರಚಿಸಿದ ಸಮಿತಿಗೆ ಅದು ಅಧ್ಯಕ್ಷರನ್ನಾಗಿ ಮಾಡಿದ್ದು ಗುಲಬರ್ಗಾ ವಿಶ್ವವಿದ್ಯಾಲಯದ ನಿವೃತ್ತ ಅರ್ಥಶಾಸ್ತ್ರ ಪ್ರಾಧ್ಯಾಪಕಿ ಛಾಯಾ ದೇಗಾಂವಕರ ಅವರನ್ನು. ಸರಿಯಾದ ಆಯ್ಕೆ. ಆದರೆ ನಿವೃತ್ತರಾದ ಒಬ್ಬರು ಸಮಿತಿಯ ಮೂಲಕ ಶಾಲೆಗೆ ಬರುವುದು ಬೇರೆ, ಸೇವೆಯಲ್ಲಿರುವ ಇಡೀ ವಿಶ್ವವಿದ್ಯಾಲಯ ತನ್ನ ದಿನನಿತ್ಯದ ಕೆಲಸವಾಗಿ ಬರುವುದು ಬೇರೆ.

ಹೇಗೆ ಬರಬಹುದು? ದಾರಿ ಆಗಲೇ ಇದೆ: ಬಿ.ಇಡಿ. ಎರಡು ವರ್ಷದ ಕೋರ್ಸಾದ ಮೇಲೆ ಎರಡನೇ ವರ್ಷದಲ್ಲಿ 16 ವಾರಗಳ ಶಾಲಾ ಇಂಟರ್ನ್‌ಶಿಪ್ ಕಡ್ಡಾಯ. ಈಗ ಪ್ರಶಿಕ್ಷಣಾರ್ಥಿಗಳು ಕಾಲೇಜಿಗೆ ಹತ್ತಿರದ ಪಟ್ಟಣದ ಶಾಲೆಗಳಲ್ಲೇ ಗುಂಪುಗುಂಪಾಗಿ ಸೇರುತ್ತಾರೆ. ಚಾರ್ಟು, ಪಾಠಯೋಜನೆ, ಮುಖ್ಯ ಶಿಕ್ಷಕರ ಸಹಿ, ಮುಗಿಯಿತು. ಅದೇ ಹದಿನಾರು ವಾರಗಳನ್ನು ಚಿಂಚೋಳಿ, ಸೇಡಂ, ಚಿತ್ತಾಪುರದ ಆಯ್ದ ಕ್ಲಸ್ಟರುಗಳಿಗೆ ಕೊಟ್ಟು, ಗುಳೆಯ ತಿಂಗಳುಗಳಿಗೆ ಹೊಂದಿಸಿದರೆ ಪ್ರತಿ ಶಾಲೆಗೂ ಇಬ್ಬರು ಮೂವರು ಹೆಚ್ಚುವರಿ ಕೈಗಳು. ಓದಲು ಬಾರದ ನಾಲ್ಕನೇ, ಆರನೇ ತರಗತಿಯ ಮಕ್ಕಳನ್ನು ದಿನಕ್ಕೆ ಒಂದೂವರೆ ಗಂಟೆ ಸಣ್ಣ ಗುಂಪಿನಲ್ಲಿ ಕೂರಿಸಿ ಓದಿಸುವುದು, ಜೌನ್‌ಪುರದಲ್ಲಿ ಫಲ ಕೊಟ್ಟದ್ದು ಇಂಥದ್ದೇ ಕೆಲಸ. ವಸತಿಗೂ ಭತ್ಯೆಗೂ ಹಣವಿಲ್ಲ ಎನ್ನುವಂತಿಲ್ಲ. ವರ್ಷಕ್ಕೆ ₹5,000 ಕೋಟಿ ಘೋಷಣೆಯಾಗುವ ಮಂಡಳಿ ‘ಅಕ್ಷರ ಆವಿಷ್ಕಾರ’ದಡಿ ಅತಿಥಿ ಶಿಕ್ಷಕರಿಗೆ ಹಣ ಕೊಡುತ್ತಿದೆ; ಸಿಮೆಂಟ್ ಕಂಪನಿಗಳೂ ಒಂದು ವರ್ಷ ಕಾಂಪೌಂಡ್ ಗೋಡೆ ಬಿಟ್ಟು ಇದಕ್ಕೆ ಕೊಡಬಹುದು.

ಸಮಾಜಕಾರ್ಯ ವಿಭಾಗದ ವಿದ್ಯಾರ್ಥಿಗಳಿಗೂ ಕ್ಷೇತ್ರಕಾರ್ಯ ಕಡ್ಡಾಯ. ಅವರು ದಸರೆಗೆ ಮೊದಲೇ ತಾಂಡಾಗಳಿಗೆ ಹೋಗಿ ಯಾವ ಮನೆ ಹೊರಡುತ್ತದೆ, ಮಗು ಯಾರ ಬಳಿ ಉಳಿಯುತ್ತದೆ ಎಂಬ ಪಟ್ಟಿ ಮಾಡಿ ಮುಖ್ಯ ಶಿಕ್ಷಕರ ಕೈಗಿಟ್ಟರೆ, ಋತುಮಾನದ ವಸತಿ ನಿಲಯಕ್ಕೆ ಬೇಡಿಕೆ ಸಮಯಕ್ಕೆ ಸರಿಯಾಗಿ ಹೋಗುತ್ತದೆ. ಎಸ್‌ಡಿಎಂಸಿ ಸಭೆಗೂ ಆಗ ಚರ್ಚಿಸಲು ಒಂದು ನಿಜವಾದ ವಿಷಯ ಸಿಗುತ್ತದೆ. ಮುಖ್ಯ ಶಿಕ್ಷಕರ ಮಟ್ಟಿಗೆ ಬೇಕಾದದ್ದು ಇನ್ನೊಂದು ಪ್ರಮಾಣಪತ್ರವಲ್ಲ. ತಿಂಗಳಿಗೊಮ್ಮೆ ಕ್ಲಸ್ಟರಿನ ಹತ್ತು–ಹದಿನೈದು ಮುಖ್ಯಸ್ಥರ ಜೊತೆ ಕೂತು, ಅವರದೇ ಶಾಲೆಯ ಮೂರನೇ ತರಗತಿಯ ಓದಿನ ಪಟ್ಟಿ ನೋಡಿ, ಮುಂದಿನ ತಿಂಗಳು ಮತ್ತೆ ಅದೇ ಪಟ್ಟಿ ಕೇಳುವ ಒಬ್ಬ ಅಧ್ಯಾಪಕ ಸಾಕು. ಕಮಲಾಪುರದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ), 2009ರಲ್ಲಿ ಸ್ಥಾಪನೆಯಾಗಿ ಈಗ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ ಇದರಲ್ಲಿ ಪಾಲು ಹಂಚಿಕೊಳ್ಳಬಹುದು. ಉನ್ನತ ಭಾರತ ಅಭಿಯಾನದಡಿ ಹಳ್ಳಿಗಳನ್ನು ದತ್ತು ಪಡೆಯುವ ಪದ್ಧತಿ ಇದ್ದೇ ಇದೆ. ದತ್ತು ಪಡೆದ ಊರಿನ ಶಾಲೆಯನ್ನು ಮರೆಯಬಾರದು, ಅಷ್ಟೆ.

ಆಕ್ಷೇಪವೂ ನ್ಯಾಯವಾದದ್ದೇ. ವಿಶ್ವವಿದ್ಯಾಲಯದಲ್ಲೇ ಬೋಧಕ ಹುದ್ದೆಗಳ ದೊಡ್ಡ ಪಾಲು ಖಾಲಿ, ತರಗತಿ ನಡೆಯುತ್ತಿರುವುದು ಅತಿಥಿ ಉಪನ್ಯಾಸಕರಿಂದ. ಇದ್ದವರಿಗೂ ಬಡ್ತಿ ಸಿಗುವುದು ಪ್ರಕಟಿತ ಲೇಖನಗಳಿಗೆ; ಚಿಂಚೋಳಿಗೆ ಹೋಗಿಬಂದ ಓಡಾಟಕ್ಕೆ ಅಂಕವಿಲ್ಲ. ಹುದ್ದೆ ತುಂಬುವುದು ಸರ್ಕಾರದ ಕೈಯಲ್ಲಿದೆ, ನಿಜ. ಇಂಟರ್ನ್‌ಶಿಪ್ ಎಲ್ಲಿ ನಡೆಯಬೇಕು, ಸಂಶೋಧನೆಯ ವಿಷಯ ಏನಿರಬೇಕು ಎಂಬುದು ವಿಶ್ವವಿದ್ಯಾಲಯದ ಕೈಯಲ್ಲೇ ಇದೆ.

ವಿದ್ಯೆಯ ಹಳೆಯ ಹೆಮ್ಮೆಯೂ ಈ ಸೀಮೆಗಿದೆ: ಚಿತ್ತಾಪುರದ ಪಕ್ಕದ ನಾಗಾವಿಯ ಘಟಿಕಾಸ್ಥಾನವನ್ನು ವೇದಿಕೆಗಳಲ್ಲಿ ‘ದಕ್ಷಿಣದ ತಕ್ಷಶಿಲೆ’ ಎಂದು ಹೊಗಳುವುದು ವಾಡಿಕೆ. 1058ರ ಶಾಸನದ ಪ್ರಕಾರ ಅಲ್ಲಿ 200 ವೇದ ವಿದ್ಯಾರ್ಥಿಗಳಿದ್ದರು, ಶಾಸ್ತ್ರ ಓದುವವರು ಬೇರೆ, ಪುಸ್ತಕ ನೋಡಿಕೊಳ್ಳಲು ಆರು ಮಂದಿ ಸರಸ್ವತಿ ಭಂಡಾರಿಗರು. ಅದು ಕೆಲವರಿಗಷ್ಟೇ ತೆರೆದಿದ್ದ ಬಾಗಿಲು. ಎಲ್ಲರಿಗೂ ತೆರೆದ ಇಂದಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಒಬ್ಬ ಗ್ರಂಥಪಾಲಕನ ಹುದ್ದೆಯೂ ಇಲ್ಲ.

ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ 2030ರಲ್ಲಿ ಐವತ್ತು ತುಂಬುತ್ತದೆ. 2026ರ ಜೂನ್‌ನಲ್ಲಿ ಏಳನೇ ತರಗತಿಗೆ ಬರುವ ಮಗು ಎಸ್ಸೆಸ್ಸೆಲ್ಸಿ ಬರೆಯುವುದೂ ಅದೇ ವರ್ಷ. ಸುವರ್ಣ ಮಹೋತ್ಸವಕ್ಕೆ ಭವನ, ಪುತ್ಥಳಿ, ಸ್ಮರಣ ಸಂಚಿಕೆಯ ಪ್ರಸ್ತಾವಗಳು ಬಂದೇ ಬರುತ್ತವೆ. ಅದಕ್ಕೆ ಮೊದಲು ಸಿಂಡಿಕೇಟ್ ಚಿಂಚೋಳಿ, ಸೇಡಂ, ಚಿತ್ತಾಪುರ ತಾಲ್ಲೂಕುಗಳ ಇಪ್ಪತ್ತು ಕ್ಲಸ್ಟರುಗಳ ಹೆಸರನ್ನು ನಿರ್ಣಯದಲ್ಲಿ ಬರೆದು, ಪ್ರತಿ ಕ್ಲಸ್ಟರಿಗೆ ಒಬ್ಬ ಅಧ್ಯಾಪಕರನ್ನು ನಾಲ್ಕು ವರ್ಷಕ್ಕೆ ಹೊಣೆ ಮಾಡಲಿ.